ಮಿಷನ್ ಟ್ರಿಪ್ಪಿನ ದಿನಚರಿ: ಪಾಲ್ಪಾ, ನೇಪಾಳ

ಸುನೌಲಿ ಗಡಿ, 16 ಮೇ 2024, ಗುರುವಾರ

ಬಲ್ಹಾರ್‌ಶಾ ಸ್ಟೇಷನ್ ಬರುವವರೆಗೂ ರೈಲಿನಲ್ಲಿ ನಮ್ಮ ಚರ್ಚಿನ ಯೂತ್ ಗುಂಪಿನ ಹುಡುಗರು ಗಿಟಾರು ಕೆಳಗಿಟ್ಟವರಲ್ಲ. ಆಮೇಲೆ ಕಿಟಕಿಯಿಂದ ನುಗ್ಗಿದ ಬಿಸಿಗಾಳಿಗೆ ಒಬ್ಬೊಬ್ಬರಾಗಿ ಸುಮ್ಮನಾದರು. ಗೋರಖ್‌ಪುರದಲ್ಲಿ ಇಳಿಯುವಾಗ ಎಲ್ಲರ ತುಟಿಯೂ ಒಡೆದಿತ್ತು.

ಗಡಿ ಅಂದರೆ ಎಂತದೋ ಅಂದುಕೊಂಡಿದ್ದೆ. ರಸ್ತೆಗೆ ಅಡ್ಡವಾಗಿ ಒಂದು ದೊಡ್ಡ ಕಮಾನು, ಅಷ್ಟೆ. ನಮಗೆ ವೀಸಾ ಬೇಡ. ವೋಟರ್ ಕಾರ್ಡನ್ನು ಕೈಯಲ್ಲೇ ಹಿಡಿದುಕೊಂಡು ನಡೆದೆ, ಯಾರೂ ಕೇಳಲಿಲ್ಲ. ಆಚೆ ಬದಿಯ ಬೇಲಹಿಯಾದಲ್ಲಿ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ, ನಮ್ಮ ನೂರು ರೂಪಾಯಿಗೆ ಅವರ 160. ನಮ್ಮ ಇನ್ನೂರು, ಐನೂರರ ನೋಟುಗಳಿಗೆ 2018ರಿಂದಲೇ ಇಲ್ಲಿ ನಿಷೇಧ. ಹಾಗಾಗಿ ಸಭೆಯವರು ಕೊಟ್ಟ ಕಾಣಿಕೆಯನ್ನೆಲ್ಲ ನೂರರ ಕಟ್ಟು ಮಾಡಿ ತಂದಿದ್ದೆವು. ನಮ್ಮ ತಂಡದ ಡಾಕ್ಟರಮ್ಮನ ವ್ಯಾನಿಟಿ ಬ್ಯಾಗು ಮದುವೆಮನೆಯ ಮುಯ್ಯಿ ಚೀಲದ ಹಾಗೆ ಉಬ್ಬಿತ್ತು.

ಖುಷಿಯಾಗಿದೆ. ತುಂಬಾ. ಹೊರಡುವ ದಿನ ನಮ್ಮ ಚರ್ಚಿನ ಪಾಸ್ಟರ್ ಅಯ್ಯನವರು ನಮ್ಮನ್ನೆಲ್ಲ ವೇದಿಯ ಮುಂದೆ ಮೊಣಕಾಲೂರಿಸಿ ಪ್ರಾರ್ಥಿಸಿದರು. ಹಿಂದಿನ ಸಾಲಿನ ಅಜ್ಜಿಯಂದಿರು ಅತ್ತರು. ಇಷ್ಟು ಎತ್ತರಕ್ಕೆ ಏರಿಸಿ ಕಳಿಸಿದ್ದಾರಲ್ಲ, ಇಳಿಯುವಾಗ ಎಲ್ಲಿ ಬೀಳುತ್ತೇವೋ ಅಂತ ಒಳಗೊಳಗೇ ಒಂದು ಅಳುಕು.

ಪಾಲ್ಪಾ ಜಿಲ್ಲೆ, 18 ಮೇ, ಶನಿವಾರ

ಊರಿನ ಹೆಸರು ಬರೆಯುವುದಿಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ. ತಾನ್ಸೇನ್ ಪಟ್ಟಣದಿಂದ ಜೀಪಿನಲ್ಲಿ ಎರಡು ತಾಸು ಅಂತ ಇಟ್ಟುಕೊಳ್ಳಿ.

ಬುಟ್ವಲ್ ಬಿಟ್ಟ ಕೂಡಲೇ ಘಟ್ಟ ಶುರು. ಸಿದ್ಧಬಾಬಾ ಅನ್ನುವ ಕಡೆ ಮೇಲಿಂದ ಕಲ್ಲು ಉರುಳುತ್ತವೆ. ಅದಕ್ಕಾಗಿ ಈಗ ಸುರಂಗ ಕೊರೆಯುತ್ತಿದ್ದಾರೆ. ಶಿರಾಡಿ ನೋಡಿದವರಿಗೆ ಇದೇನು ಮಹಾ ಎಂದ ನಮ್ಮ ಹುಡುಗ ಎರಡು ತಿರುವು ಕಳೆಯುವುದರೊಳಗೆ ಕವರು ಕೇಳಿದ. ತಾನ್ಸೇನ್ ತಣ್ಣಗಿತ್ತು. ಅಲ್ಲಿ 1954ರಿಂದ ಮಿಷನ್ ಆಸ್ಪತ್ರೆ ಇದೆ. ಅದುವರೆಗೆ ಹೊರಗಿನವರಿಗೆ ಬಾಗಿಲೇ ತೆರೆಯದ ದೇಶ, ಧರ್ಮಪ್ರಚಾರ ಮಾಡಕೂಡದು ಎಂಬ ಷರತ್ತು ಹಾಕಿಯೇ ವೈದ್ಯರನ್ನು ಒಳಗೆ ಬಿಟ್ಟದ್ದು. ಮೇ ತಿಂಗಳು ಕಾಡ್ಗಿಚ್ಚಿನ ಕಾಲ. ಧೌಲಗಿರಿ ಕಾಣುತ್ತದೆ ಎಂದು ಕ್ಯಾಮೆರಾ ತಂದವರಿಗೆ ಹೊಗೆ ಮಾತ್ರ ಕಂಡಿತು.

ಇಲ್ಲಿ ವಾರದ ರಜೆ ಶನಿವಾರ, ಆದ್ದರಿಂದ ಆರಾಧನೆಯೂ ಶನಿವಾರವೇ. ತಗಡಿನ ಮಾಡು. ಚಪ್ಪಲಿ ಹೊರಗೆ, ಹೆಂಗಸರು ಒಂದು ಬದಿಗೆ, ಗಂಡಸರು ಇನ್ನೊಂದು ಬದಿಗೆ, ಎಲ್ಲರೂ ಚಾಪೆಯ ಮೇಲೆ. "ಜಯ ಮಸೀಹ" ಎಂದು ಎರಡೂ ಕೈ ಮುಗಿಯುತ್ತಾರೆ. ಮಾದಲ್ ಎಂಬ ಡೋಲು ಬಾರಿಸುತ್ತ ಹಾಡತೊಡಗಿದರು, ಮೂರನೆಯ ಹಾಡಿನ ರಾಗ ನಮ್ಮದೇ! ಕನ್ನಡದ ಮಾತು ನನ್ನ ಬಾಯಿಯಿಂದ ತಾನಾಗಿ ಬಂತು. ಪಕ್ಕದಲ್ಲಿದ್ದ ಮಗರ್ ಸಮುದಾಯದ ಹೆಂಗಸು ನೇಪಾಳಿಯಲ್ಲಿ, ನಾನು ಕನ್ನಡದಲ್ಲಿ. ಕಣ್ಣಲ್ಲಿ ನೀರು ನಿಲ್ಲಲಿಲ್ಲ.

ರಾತ್ರಿ, ಅವರವರ ಅನುಭವ ಹೇಳಿಕೊಳ್ಳುವ ಸಾಕ್ಷಿ ಕೂಟದಲ್ಲಿ ಎಲ್ಲರೂ ಅತ್ತದ್ದನ್ನೇ ಹೇಳಿದರು. ನಾನೂ ಹೇಳಿದೆ. ಆದರೆ ನಾನು ಸ್ಟಾಫ್ ನರ್ಸ್. ನೈಟ್ ಡ್ಯೂಟಿಯ ಮರುದಿನ ಬೆಳಿಗ್ಗೆ ಟೀವಿ ಜಾಹೀರಾತಿಗೂ ಅತ್ತವಳು. ರೈಲಿನಲ್ಲಿ, ಜೀಪಿನಲ್ಲಿ ನಿದ್ದೆಗೆಟ್ಟು ಬಂದ ಮೈಗೆ ಪವಿತ್ರಾತ್ಮ ಎಷ್ಟು, ಸುಸ್ತು ಎಷ್ಟು ಎಂದು ಅಳೆಯುವ ಮೀಟರು ಯಾರ ಹತ್ತಿರವೂ ಇಲ್ಲ.

19 ಮೇ, ಭಾನುವಾರ

ಹೊಟ್ಟೆ ಕೆಟ್ಟಿದೆ. ಒಆರ್‌ಎಸ್ ಕುಡಿಯುತ್ತ ಚಾಪೆಯ ಮೇಲೆ ಬಿದ್ದುಕೊಂಡಿದ್ದೇನೆ. ಹೊರಗೆ ಭಾನುವಾರದ ಸುಳಿವೇ ಇಲ್ಲ, ಮಕ್ಕಳು ಯೂನಿಫಾರ್ಮಿನಲ್ಲಿ ಶಾಲೆಗೆ ಹೋಗುತ್ತಿದ್ದಾರೆ. ಅಮ್ಮನಿಗೆ ವಾಟ್ಸಾಪ್ ಕರೆ ಮಾಡಿದೆ. ಆಚೆಯಿಂದ ಕುಕ್ಕರಿನ ಸೀಟಿ ಕೇಳಿಸಿತು. "ಎಂತ, ಕುಚ್ಚಲಕ್ಕಿ ಗಂಜಿ ನೆನಪಾಯಿತಾ?" ಎಂದರು. ಫೋನಿಟ್ಟೆ. ಸಾಕ್ಷಿ ಕೂಟಕ್ಕೆ ಹೋಗಲಿಲ್ಲ.

20 ಮೇ, ಸೋಮವಾರ

ಇವತ್ತು ಜಗಳ.

ಬೆಳಿಗ್ಗೆ ಮಕ್ಕಳ ಶಿಬಿರ, ನಮ್ಮ ವಿ.ಬಿ.ಎಸ್. (ರಜೆಯ ಬೈಬಲ್ ಶಾಲೆ) ಹಾಗೆಯೇ: ಕುಣಿತದ ಹಾಡು, ಬಣ್ಣ ಹಚ್ಚುವುದು, ಕೈ ತೊಳೆಯುವ ಆಟ. ಸಭೆಯ ಮನೆಗಳ ಮಕ್ಕಳಿಗೆ ಮಾತ್ರ ಎಂದು ಇಲ್ಲಿಯ ಪಾಸ್ಟರ್ ಮೊದಲೇ ಹೇಳಿದ್ದರು. ಕುಣಿತ ನೋಡಲು ಬೇಲಿಯ ಹತ್ತಿರ ಬೇರೆ ಮಕ್ಕಳೂ ಬಂದು ನಿಂತರು. ನಮ್ಮ ಲೀಡರಣ್ಣ ಅವರನ್ನೂ ಒಳಗೆ ಕರೆದು, ಎಲ್ಲರ ಕೈಗೂ ಬಣ್ಣದ ಬೈಬಲ್ ಚಿತ್ರ ಕೊಟ್ಟು, ಫೋಟೋ ಹೊಡೆದು, ಸ್ಟೇಟಸ್‌ಗೂ ಫೇಸ್‌ಬುಕ್ಕಿಗೂ ಹಾಕಿದರು. ಊರಿನ ಹೆಸರು ಸಮೇತ.

ಊಟದ ಹೊತ್ತಿಗೆ ಪಾಸ್ಟರ್ ಬಂದರು. ದನಿ ಏರಿಸಲಿಲ್ಲ. "ಅದನ್ನು ತೆಗೆಯಬಹುದೇ?" ಎಂದು ಹಿಂದಿಯಲ್ಲಿ ಎರಡು ಸಲ ಕೇಳಿದರು. 2018ರಿಂದ ಜಾರಿಯಲ್ಲಿರುವ ಇಲ್ಲಿನ ದಂಡಸಂಹಿತೆಯ 158ನೇ ಕಲಮಿನಲ್ಲಿ ಮತಾಂತರಕ್ಕೆ ಐದು ವರ್ಷದವರೆಗೆ ಜೈಲು, ಐವತ್ತು ಸಾವಿರದವರೆಗೆ ದಂಡ. ಪರದೇಶದವರಾದರೆ ಶಿಕ್ಷೆ ಮುಗಿಸಿ ಗಡೀಪಾರು. ನಮ್ಮ ಹತ್ತಿರ ವಾಪಸ್ ಟಿಕೆಟ್ ಇದೆ. ಅವರ ಮನೆ ಇಲ್ಲೇ, ಎಮ್ಮೆ ಇಲ್ಲೇ, ಹೆಂಡತಿಯ ಟೈಲರಿಂಗ್ ಅಂಗಡಿಯೂ ಇಲ್ಲೇ.

ಲೀಡರಣ್ಣ ವಾದಕ್ಕೆ ನಿಂತರು. ಸಾಕ್ಷಿಯನ್ನು ಮುಚ್ಚಿಡಬಾರದು, ಹಣ ಕೊಟ್ಟವರು ಫೋಟೋ ಕೇಳುತ್ತಾರೆ, ಇತ್ಯಾದಿ. ನನಗೆ ರೇಗಿತು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲಿ ಪ್ರಾರ್ಥನಾಲಯಗಳ ಮೇಲೆ ದಾಳಿಯಾದಾಗ ನಾನು ಆರನೇ ಕ್ಲಾಸು. ವಾರಗಟ್ಟಲೆ ಅಪ್ಪ ರಾತ್ರಿ ಗೇಟಿಗೆ ಬೀಗ ಹಾಕಿ ಮತ್ತೊಮ್ಮೆ ಎಳೆದು ನೋಡುತ್ತಿದ್ದರು. ಆ ಬೀಗ ಎಳೆಯುವ ಸದ್ದು ಕೇಳಿ ಬೆಳೆದವರು ಬೇರೆಯವರ ಗೇಟಿನ ಫೋಟೋ ಹಾಕುವ ಮೊದಲು ಕೇಳಬೇಕು. ಇಷ್ಟನ್ನೇ ಹೇಳಿದೆ, ಸ್ವಲ್ಪ ಜೋರಾಗಿಯೇ. ಡಾಕ್ಟರಮ್ಮ ಮಧ್ಯೆ ಬಂದು ಫೋನು ಇಸಿದುಕೊಂಡು ಎಲ್ಲವನ್ನೂ ಅಳಿಸಿದರು. ಸಂಜೆಯ ಕೂಟದಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

21 ಮೇ, ಮಂಗಳವಾರ

ಆರೋಗ್ಯ ಶಿಬಿರ. ನಾನು ಬಂದದ್ದೇ ಇದಕ್ಕೆ.

ವಾರ್ಡಿನ ಶಾಲೆಯ ಎರಡು ಕೋಣೆ. ಮೊದಲ ಕೋಣೆಯಲ್ಲಿ ಬಿ.ಪಿ., ಶುಗರ್, ಓದುವ ಕನ್ನಡಕ. ಗಂಡಸರೆಂದರೆ ಮುದುಕರೇ. ಪ್ರಾಯದವರು ಕತಾರ್, ಮಲೇಷ್ಯಾ, ಇಲ್ಲವೇ ನಮ್ಮ ಕಡೆ. ಒಬ್ಬ ಅಜ್ಜ ಬೆಂಗಳೂರಿನಲ್ಲಿರುವ ಮಗನ ಫೋಟೋ ತೋರಿಸಿದ, ವಾಚ್‌ಮನ್ ಯೂನಿಫಾರ್ಮಿನಲ್ಲಿ. ಅಲ್ಲಿ ಅವನನ್ನು ಎಲ್ಲರೂ ಬಹದ್ದೂರ್ ಎನ್ನುತ್ತಾರಂತೆ, ಅವನ ಹೆಸರು ಬೇರೆಯೇ ಇದೆ.

ಎರಡನೆಯ ಕೋಣೆ ಹೆಂಗಸರದು. ಬೆನ್ನು ನೋವು, ಕಾಲು ಸೆಳೆತ ಅಂತ ಚೀಟಿ ಮಾಡಿಸಿ ಬಂದು, ಪರದೆಯ ಹಿಂದೆ ಕೂತ ಮೇಲೆ ನಿಜವಾದದ್ದು ಹೇಳುತ್ತಾರೆ. ಗರ್ಭಕೋಶ ಜಾರಿದೆ. ಒಬ್ಬರಲ್ಲ, ಒಬ್ಬರಾದ ಮೇಲೆ ಒಬ್ಬರು. ಈ ಬೆಟ್ಟಗಳಲ್ಲಿ ಇದು ಹೊಸತೇನಲ್ಲ. ಸಣ್ಣ ಪ್ರಾಯದಲ್ಲಿ ಮದುವೆ, ಮೇಲಿಂದ ಮೇಲೆ ಹೆರಿಗೆ, ಬಾಣಂತನದಲ್ಲೇ ದೋಕೋ ಹೊರುವುದು. ದೋಕೋ ಅಂದರೆ ಬಿದಿರಿನ ಬುಟ್ಟಿ, ಅದರ ಪಟ್ಟಿ ಹಣೆಗೆ, ಭಾರ ಬೆನ್ನಿಗೆ. ಹುಲ್ಲು, ಸೌದೆ, ಗೊಬ್ಬರ ಎಲ್ಲವೂ ಅದರಲ್ಲೇ. ಇದು ಹೆಂಗಸರ ಹಕ್ಕಿನ ಪ್ರಶ್ನೆ ಎಂದು ನೇಪಾಳದ ಸುಪ್ರೀಂ ಕೋರ್ಟು 2008ರಲ್ಲೇ ಹೇಳಿದೆ.

ಐವತ್ತರ ಆಸುಪಾಸಿನ ಒಬ್ಬಾಕೆಗೆ ಮೊದಲ ಹೆರಿಗೆಯಿಂದಲೂ ಇದೆ, ಈಗ ಪೂರ್ತಿ ಹೊರಗೆ. ಕೂರುವಾಗ ಕೈಯಿಂದ ಒಳಗೆ ತಳ್ಳಿಕೊಂಡು ಕೂರುತ್ತಾರೆ. ಗಂಡನಿಗೆ ಗೊತ್ತು, ಮಗನಿಗೆ ಹೇಳಿಲ್ಲ. ಆಪರೇಷನ್ನೇ ಆಗಬೇಕು ಎಂದರು ಡಾಕ್ಟರಮ್ಮ. ಆಕೆ ನಕ್ಕರು. ಎಮ್ಮೆ ಯಾರು ನೋಡುತ್ತಾರೆ?

ಅಷ್ಟು ಕೆಟ್ಟಿಲ್ಲದವರಿಗೆ ಗರ್ಭಕೋಶ ಜಾರದಂತೆ ಒಳಗೆ ತಡೆದು ಹಿಡಿಯುವ ರಿಂಗ್ ಹಾಕಬಹುದು. ನಾವು ಡಬ್ಬಿ ತುಂಬ ತಂದಿದ್ದೆವು. ಆದರೆ ರಿಂಗ್ ಹಾಕಿ ಮರೆಯುವ ವಸ್ತುವಲ್ಲ. ಮೂರು ನಾಲ್ಕು ತಿಂಗಳಿಗೊಮ್ಮೆ ತೆಗೆದು, ತೊಳೆದು, ಹುಣ್ಣಾಗಿದೆಯೇ ನೋಡಿ, ಮತ್ತೆ ಹಾಕಬೇಕು. ಮೂರು ತಿಂಗಳ ಮೇಲೆ ನಾನು ಉಡುಪಿಯ ವಾರ್ಡಿನಲ್ಲಿ ಡ್ರಿಪ್ ಹಾಕುತ್ತಿರುತ್ತೇನೆ. ಇವರ ರಿಂಗು ಯಾರು ತೆಗೆಯುತ್ತಾರೆ? ಡಬ್ಬಿ ಮುಚ್ಚಿಟ್ಟು ಹಿಂದಿನ ಮೆಟ್ಟಿಲಲ್ಲಿ ಕೂತೆ. ಅಳು ಬರಲಿಲ್ಲ, ಬರೀ ಸಿಟ್ಟು. ಶನಿವಾರ ಹಾಡಿಗೆ ಸುರಿದ ಕಣ್ಣೀರು ಇವತ್ತು ಎಲ್ಲಿ ಹೋಗಿತ್ತೋ.

ನಮ್ಮ ಮಿಷನ್ ಸ್ಮಶಾನದಲ್ಲಿ ಜರ್ಮನ್ ಹೆಸರಿನ ಕಲ್ಲುಗಳಿವೆ. 1834ರಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದದ್ದು ಬೇಸಿಗೆ ರಜೆಗಲ್ಲ. ಕಿಟೆಲ್ ಬಂದದ್ದು 1853ಕ್ಕೆ, ನಿಘಂಟು ಅಚ್ಚಾದದ್ದು 1894ಕ್ಕೆ. 1923ರಲ್ಲಿ ಉಡುಪಿಯಲ್ಲಿ ಆಸ್ಪತ್ರೆ ತೆರೆದ ಡಾ. ಈವಾ ಲೊಂಬಾರ್ಡ್ ಸ್ವಿಟ್ಜರ್‌ಲೆಂಡಿನವರು. ಆ ಆಸ್ಪತ್ರೆ ಇವತ್ತಿಗೂ ನಡೆಯುತ್ತಿದೆ, ಉಡುಪಿಯವರಿಗೆ ಅದು ಬರೀ "ಮಿಷನ್ ಆಸ್ಪತ್ರೆ". ಅವರ ಎಲ್ಲ ವಿಚಾರವನ್ನೂ ನಾನು ಒಪ್ಪುತ್ತೇನೆಂದಲ್ಲ, ನಮ್ಮ ಹಿರಿಯರ ಎಷ್ಟೋ ಹಾಡು ಕುಣಿತವನ್ನು ಅವರು ಬಿಡಿಸಿದ್ದೂ ಹೌದು. ಆದರೆ ಅವರು ಉಳಿದರು. ಉಳಿಯದವರು ರಿಂಗ್ ಹಾಕಬಾರದು.

ಹೀಗೆಲ್ಲ ಗೊಣಗುತ್ತ ಕೂತಿದ್ದಾಗ ನೀಲಿ ಸೀರೆಯ ಒಬ್ಬ ಹೆಂಗಸು ಬಂದು ಪಕ್ಕದಲ್ಲಿ ಕೂತು ರಿಜಿಸ್ಟರ್ ಬಿಚ್ಚಿದರು. ಬೆಳಿಗ್ಗೆಯಿಂದ ಸಾಲು ನಿಲ್ಲಿಸುತ್ತಿದ್ದವರು, ನಾನು ಶಾಲೆಯ ಆಯಾ ಅಂದುಕೊಂಡಿದ್ದೆ. ಅಲ್ಲ, ಇಲ್ಲಿಯ ಆರೋಗ್ಯ ಸ್ವಯಂಸೇವಿಕೆ. ನಮ್ಮ ಆಶಾ ಕಾರ್ಯಕರ್ತೆಯರ ಥರ. ಇವರ ಯೋಜನೆ 1988ರಿಂದ ಇದೆ, ದೇಶದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮಂದಿ, ಸಂಬಳ ಇಲ್ಲ. ರಿಜಿಸ್ಟರಿನಲ್ಲಿ ಇವತ್ತು ಪರದೆಯ ಹಿಂದೆ ಬಂದ ಹೆಚ್ಚುಕಡಿಮೆ ಎಲ್ಲರ ಹೆಸರೂ ಮೊದಲೇ ಇದ್ದವು. ರಿಂಗ್ ತೆಗೆದು ಮತ್ತೆ ಹಾಕಲು ಇಲ್ಲಿಯ ಸರ್ಕಾರಿ ಹೆಲ್ತ್ ಪೋಸ್ಟಿನ ನರ್ಸಿಗೆ ಬರುತ್ತದೆ ಎಂದರು. ಬೇಕಾದ ಅಳತೆಯ ರಿಂಗ್‌ಗಳು ಮುಗಿದು ಹೋಗಿವೆ, ಅಷ್ಟೇ ತೊಂದರೆ.

ಡಬ್ಬಿ ಮತ್ತೆ ತೆರೆದೆವು. ಡಾಕ್ಟರಮ್ಮ ಹೆಲ್ತ್ ಪೋಸ್ಟಿನ ನರ್ಸನ್ನು ಕರೆಸಿ, ಆಕೆಯ ಕೈಯಿಂದಲೇ ಹಾಕಿಸಿದರು. ನನ್ನ ಕೆಲಸ ಟಾರ್ಚ್ ಹಿಡಿಯುವುದು.

23 ಮೇ, ಗುರುವಾರ, ಬುದ್ಧ ಪೂರ್ಣಿಮೆ

ಇಲ್ಲಿ ಸರ್ಕಾರಿ ರಜೆ. ಲುಂಬಿನಿ ಇಲ್ಲಿಂದ ದೂರವಿಲ್ಲ. ತಂಡದವರು ಕಾಳಿ ಗಂಡಕಿ ದಂಡೆಯ ರಾಣಿ ಮಹಲಿಗೆ ಹೋದರು. ತೀರಿಕೊಂಡ ಹೆಂಡತಿಯ ನೆನಪಿಗೆ ಖಡ್ಗ ಶಮ್‌ಶೇರ್ 1893ರಲ್ಲಿ ಕಟ್ಟಿಸಿದ್ದು, ಚಂದ ಇದೆಯಂತೆ. ನಾನು ಸ್ವಯಂಸೇವಿಕಾ ದೀದಿಯ ಹಿಂದೆ ಮನೆ ಮನೆ ತಿರುಗಿದೆ.

ಏರು, ಇಳಿತ, ಮತ್ತೆ ಏರು. ಕರಾವಳಿಯವಳಾದ ನನ್ನ ಮಂಡಿ ಕಂಪಿಸುತ್ತಿತ್ತು, ಆಕೆಗೆ ಬೆವರೂ ಇಲ್ಲ. ದಾರಿಯಲ್ಲಿ ಕಾಫಲ್ ಹಣ್ಣು ಕಿತ್ತು ಕೊಟ್ಟರು, ಕೆಂಪಗೆ, ಹುಳಿ ಸಿಹಿ, ಒಳಗೆಲ್ಲ ಬೀಜವೇ. ಮರದ ಮೇಲೆ ಕೋಗಿಲೆಯ ಜಾತಿಯದೊಂದು ನಾಲ್ಕು ಸ್ವರದಲ್ಲಿ ಕೂಗುತ್ತಿತ್ತು. ಇವರಿಗೆ ಅದು "ಕಾಫಲ್ ಪಾಕ್ಯೋ", ಕಾಫಲ್ ಹಣ್ಣಾಯಿತು ಎಂದು ಕೇಳಿಸುತ್ತದಂತೆ.

ಎಮ್ಮೆಯ ಹೆಂಗಸಿನ ಮನೆಗೂ ಹೋದೆವು. ಆಲೂಗಡ್ಡೆಗೆ ಮೊಸರು ಹಾಕಿ ಕಲಸಿದ ಚುಕೌನಿ ಕೊಟ್ಟರು. ನನ್ನ ಹೊಟ್ಟೆಯ ಸ್ಥಿತಿಗೆ ತಿನ್ನಬಾರದಿತ್ತು, ಎರಡು ಸಲ ಹಾಕಿಸಿಕೊಂಡೆ. ಆಪರೇಷನ್ ವಿಷಯವನ್ನು ದೀದಿ ಎತ್ತಲೇ ಇಲ್ಲ. ಮಳೆ, ಗೊಬ್ಬರ, ಕತಾರಿನ ಮಗನ ಸಂಬಳ, ಇದೇ ಮಾತು. ಏಳುವಾಗ ಸೊಸೆಯನ್ನು ಹೊರಗೆ ಕರೆದು ಹೇಳಿದರು. ಸೊಸೆಗೂ ಗೊತ್ತಿರಲಿಲ್ಲ, ಮುಖ ಕೆಂಪಾಯಿತು. ಎಮ್ಮೆ ನಾನು ನೋಡಿಕೊಳ್ಳುತ್ತೇನೆ ಎಂದಳು. ಅತ್ತೆ ಒಳಗಿಂದಲೇ, ಅಸಾರ ತಿಂಗಳ ಭತ್ತದ ನಾಟಿ ಮುಗಿಯಲಿ ಎಂದರು. ದೀದಿ ರಿಜಿಸ್ಟರಿನಲ್ಲಿ "ಭದೌ" ಎಂದು ತಿಂಗಳು ಬರೆದುಕೊಂಡರು. ನಮಗೆ ಅದು ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ.

ಅದನ್ನು ಮಾಡಿಸಿದ್ದು ನಾನಲ್ಲ. ಆದರೂ ಇಳಿಯುವ ದಾರಿಯಲ್ಲಿ ಕಾಲಿಗೆ ನೋವೇ ಇರಲಿಲ್ಲ, ಹಾಡಿಕೊಂಡು ಬಂದೆ.

25 ಮೇ, ಶನಿವಾರ

ಬೀಳ್ಕೊಡುಗೆ. ಹಾರ, ಢಾಕಾ ಬಟ್ಟೆಯ ಶಾಲು, ಭಾಷಣ. ಮಕ್ಕಳು ಅತ್ತರು, ನಮ್ಮ ಹುಡುಗರೂ. ಲೀಡರಣ್ಣ ಪಾಸ್ಟರನ್ನು ಅಪ್ಪಿ ಏನೋ ಹೇಳಿದರು, ಪಾಸ್ಟರ್ ಬೆನ್ನು ತಟ್ಟಿದರು. ಫೋಟೋ ತೆಗೆಯುವಾಗ ಎಲ್ಲರೂ ಮೊದಲು ಪಾಸ್ಟರ್ ಮುಖ ನೋಡಿದೆವು. ಇಷ್ಟೇ ಸಾಕು, ಬ್ಯಾಗ್ ತುಂಬಬೇಕು.

ರೈಲಿನಲ್ಲಿ, 28 ಮೇ, ಮಂಗಳವಾರ

ಬರುವ ಭಾನುವಾರ ಸಭೆಯಲ್ಲಿ ವರದಿ ಓದಬೇಕು, ಬರೆಯುವವಳು ನಾನು. "ನಿನ್ನ ಏರಿಳಿತ ಎಲ್ಲ ಬೇಡ ಮಾರಾಯ್ತಿ, ಜನ ಕಾಣಿಕೆ ಕೊಟ್ಟಿದ್ದಾರೆ, ಸಂತೋಷದ್ದು ಬರಿ" ಎಂದರು ಲೀಡರಣ್ಣ. ಡಾಕ್ಟರಮ್ಮ ಮೇಲಿನ ಬರ್ತಿನಿಂದ ಲೆಕ್ಕದ ಹಾಳೆ ಕೆಳಗೆ ಚಾಚಿದರು. ನಾವೆಲ್ಲ ಹೋಗಿ ಬಂದ ಖರ್ಚು ಔಷಧಿ ಖರ್ಚಿನ ಮೂರು ಪಟ್ಟು. ಮುಂದಿನ ವರ್ಷ ಇಬ್ಬರೇ ಹೋಗೋಣ, ಉಳಿದ ದುಡ್ಡಿಗೆ ಎಲ್ಲ ಅಳತೆಯ ರಿಂಗು, ನಾಲ್ಕಾರು ಹೆಂಗಸರಿಗೆ ಆಸ್ಪತ್ರೆಯ ಖರ್ಚು ಕೊಡಬಹುದು ಎಂದರು.

"ಹಾಗಾದರೆ ನಾವು?" ಎಂದ ಗಿಟಾರಿನ ಹುಡುಗ.

"ನೀವು ಊರಲ್ಲೇ ಹಾಡಿ ದುಡ್ಡು ಒಟ್ಟು ಮಾಡಿ."

ಲೆಕ್ಕದಲ್ಲಿ ನಾನು ಡಾಕ್ಟರಮ್ಮನ ಪಕ್ಷ. ಆದರೆ ಆ ಹುಡುಗನ ಮುಖ ನೋಡಿದರೆ ಪೂರ್ತಿ ಹಾಗೆ ಹೇಳಲೂ ಬಾಯಿ ಬರುವುದಿಲ್ಲ. ಕಳೆದ ವರ್ಷ ಯಾರಾದರೂ ಇದೇ ಕಾಣಿಕೆಗೆ ಕವರು ಹಿಡಿದಿದ್ದರೆ ನಾನು ಇನ್ನೂರು ಹಾಕಿ ಮರೆತಿರುತ್ತಿದ್ದೆ. ಚರ್ಚೆ ಝಾನ್ಸಿ ತನಕ ನಡೆಯಿತು, ತೀರ್ಮಾನ ಆಗಲಿಲ್ಲ. ವರದಿಯ ಮೊದಲ ಪುಟದಲ್ಲಿ ರಿಂಗಿನ ಲೆಕ್ಕ, ಯಾವ ಅಳತೆಯದು ಎಷ್ಟು ಬೇಕು ಎನ್ನುವುದನ್ನು ಬರೆದಿಟ್ಟಿದ್ದೇನೆ. ಹಾಡಿನ ಸಂಗತಿಯನ್ನು ಎರಡನೇ ಪುಟದಲ್ಲಿ ಲೀಡರಣ್ಣನೇ ಬರೆದುಕೊಳ್ಳಲಿ.