ಖಾಸಗಿ ಎಂದುಕೊಂಡಿದ್ದ ಮೆಥಡ್

ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯ 3.1ನೆಯ ಆವೃತ್ತಿಯಿಂದ 3.2ಕ್ಕೆ ಹೋಗುವುದು ಅರ್ಧ ಗಂಟೆಯ ಕೆಲಸ ಎಂದುಕೊಂಡು ಬೆಳಿಗ್ಗೆ ಕೂತವನು ಎದ್ದದ್ದು ಸಂಜೆಗೆ. ಟೆಸ್ಟ್‌ಗಳೆಲ್ಲ ಪಾಸಾಗಿದ್ದವು. ಕೈಕೊಟ್ಟದ್ದು ನಾನು ಎಂದೋ ಬರೆದಿಟ್ಟುಕೊಂಡಿದ್ದ ಸಣ್ಣ ಸ್ಕ್ರಿಪ್ಟ್. ಬೇರೆ ತಂಡಗಳೂ ಬಳಸುವ ನಮ್ಮ ಕೋಡ್ ಸಂಗ್ರಹದ, ಅಂದರೆ ಲೈಬ್ರರಿಯ, ಕ್ಲಾಸ್‌ಗಳನ್ನು (ಕೋಡ್‌ನ ಗುಂಪುಗಳನ್ನು) ಜಾಲಾಡಿ, ಹೊರಗಿನವರು ಕರೆಯಬಹುದಾದ ಮೆಥಡ್‌ಗಳ (ಹೆಸರು ಹಿಡಿದು ಓಡಿಸುವ ಕೋಡ್ ತುಣುಕುಗಳ) ಪಟ್ಟಿಯನ್ನು ದಾಖಲೆಯ ಪುಟಕ್ಕೆ ಹಾಕುವುದು ಅದರ ಕೆಲಸ. ಅದೀಗ ‘ಪಬ್ಲಿಕ್?’ ಎಂಬ ಮೆಥಡ್ ಇಲ್ಲವೇ ಇಲ್ಲ ಎಂದು ಹೇಳಿ ಕೈಚೆಲ್ಲಿತ್ತು. ಅಕ್ಷರ ತಪ್ಪಿರಬೇಕೆಂದು ಎರಡು ಸಲ ಓದಿದೆ. ತಪ್ಪಿರಲಿಲ್ಲ.

ರೂಬಿಯಲ್ಲಿ ಮೆಥಡ್ ಕೂಡ ಕೈಗೆ ಸಿಗುವ ವಸ್ತು. ಹೆಸರು ಹಿಡಿದು ಕೇಳಿದರೆ ಆಬ್ಜೆಕ್ಟ್ ಆಗಿ ಎದುರಿಗೆ ಬರುತ್ತದೆ. 2021ರ ಡಿಸೆಂಬರ್‌ನಲ್ಲಿ ಬಂದ 3.1, ಆ ಆಬ್ಜೆಕ್ಟ್‌ಗೆ ನೇರವಾಗಿ ಕೇಳಬಹುದಾದ ಮೂರು ಪ್ರಶ್ನೆಗಳನ್ನು ಸೇರಿಸಿತ್ತು: ಪಬ್ಲಿಕ್? (ಹೊರಗಿನವರೂ ಕರೆಯಬಹುದೇ), ಪ್ರೈವೇಟ್? (ಒಳಗಿನ ಕೋಡ್‌ಗೆ ಮಾತ್ರವೇ), ಪ್ರೊಟೆಕ್ಟೆಡ್? (ಅದೇ ಬಗೆಯ ಆಬ್ಜೆಕ್ಟ್‌ಗಳಿಗೆ ಮಾತ್ರವೇ). ಅದಕ್ಕೆ ಮೊದಲು ಕ್ಲಾಸ್‌ನ ಮುಂದೆ ನಿಂತು ‘ಪಬ್ಲಿಕ್_ಮೆಥಡ್_ಡಿಫೈನ್ಡ್?’ ಎಂಬ ಮಾರುದ್ದದ ಹೆಸರಿನಲ್ಲಿ ವಿಚಾರಿಸಬೇಕಿತ್ತು. ಹೊಸದು ಚಿಕ್ಕದಾಗಿತ್ತು, ಚೆಂದವಾಗಿತ್ತು. ಬಂದ ವಾರವೇ ಬಳಸಿಕೊಂಡಿದ್ದೆ. ಒಂದೇ ವರ್ಷದಲ್ಲಿ, 3.2ರಲ್ಲಿ, ಮೂರನ್ನೂ ತೆಗೆದುಹಾಕಿದ್ದರು. ಕೊಟ್ಟು ಕಸಿದುಕೊಂಡರೆಂಬ ಸಿಟ್ಟಿಗೆ ಕಾರಣವನ್ನು ಓದುವ ತಾಳ್ಮೆಯೂ ಉಳಿಯಲಿಲ್ಲ.

ಪಕ್ಕದಲ್ಲಿದ್ದ ಕಿರಿಯ ಸಹೋದ್ಯೋಗಿ ನನ್ನ ಗೊಣಗಾಟ ಕೇಳಿ ಕೇಳಿ ಸಾಕಾಗಿ, “ಆದರೆ ಸರ್, ಪಬ್ಲಿಕ್, ಪ್ರೈವೇಟ್ ಎನ್ನುವುದು ಮೆಥಡ್‌ನ ಗುಣವೇ ಅಲ್ಲವಲ್ಲ” ಎಂದಳು. “ಮತ್ತೆ ಯಾರದ್ದು?” ಎಂದು ಸ್ವಲ್ಪ ಬಿರುಸಾಗಿಯೇ ಕೇಳಿದೆ. ಅವಳು ವಾದಿಸಲಿಲ್ಲ. ನನ್ನ ಕೀಲಿಮಣೆಯನ್ನು ತನ್ನತ್ತ ಎಳೆದುಕೊಂಡು ಒಂದು ಕ್ಲಾಸ್ ಬರೆದಳು. ಅದರಲ್ಲಿ ‘ಲೆಕ್ಕ’ ಎಂಬ ಒಂದೇ ಮೆಥಡ್. (ರೂಬಿ ಕನ್ನಡದ ಹೆಸರುಗಳನ್ನೂ ಒಪ್ಪುತ್ತದೆ, ನಾನು ಇಷ್ಟು ವರ್ಷ ಬರೆದರೂ ಒಮ್ಮೆಯೂ ಪ್ರಯತ್ನಿಸಿರಲಿಲ್ಲ.) ಏಲಿಯಾಸ್ ಮಾಡಿ ಅದಕ್ಕೆ ‘ಮೊತ್ತ’ ಎಂಬ ಎರಡನೆಯ ಹೆಸರು ಕೊಟ್ಟಳು. ಮುಂದಿನ ಸಾಲಿನಲ್ಲಿ ‘ಲೆಕ್ಕ’ವನ್ನು ಮಾತ್ರ ಪ್ರೈವೇಟ್ ಮಾಡಿದಳು. ಹೊರಗಿನಿಂದ ‘ಲೆಕ್ಕ’ ಎಂದು ಕರೆದರೆ ದೋಷದ ಸಂದೇಶ, ‘ಮೊತ್ತ’ ಎಂದರೆ ಉತ್ತರ. ಒಳಗಿನ ಕೋಡ್ ಅದೇ, ಒಂದಕ್ಷರವೂ ಬೇರೆಯಿಲ್ಲ. “ಈಗ ಹೇಳಿ, ಈ ಕೋಡ್ ಪಬ್ಲಿಕ್ಕೋ ಪ್ರೈವೇಟೋ?”

ನಾನು ಸುಮ್ಮನಾದೆ. ಆಮೇಲೆ ನನಗೇ ಒಂದೊಂದಾಗಿ ನೆನಪಾಗತೊಡಗಿತು. ತಾಯಿ ಕ್ಲಾಸ್ ಮುಚ್ಚಿಟ್ಟ ಮೆಥಡ್ ಅನ್ನು ಮಗಳ ಕ್ಲಾಸ್ ಒಂದೇ ಸಾಲಿನಲ್ಲಿ ತೆರೆದಿಡಬಹುದು. ಪ್ರೈವೇಟ್ ಮೆಥಡ್ ಅನ್ನೇ ಆಬ್ಜೆಕ್ಟ್ ಆಗಿ ಹಿಡಿದುಕೊಂಡು ‘ಕಾಲ್’ ಎಂದರೆ ಅದು ಮರುಮಾತಿಲ್ಲದೆ ಓಡುತ್ತದೆ, ಏಕೆಂದರೆ ತಪಾಸಣೆ ನಡೆಯುವುದು ಹೆಸರು ಹಿಡಿದು ಕರೆಯುವ ಬಾಗಿಲಲ್ಲಿ. ನಾವು ಆಗಲೇ ಒಳಗೆ ಬಂದಾಗಿದೆ. ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬುದು ಕ್ಲಾಸ್ ತನ್ನ ಪುಸ್ತಕದಲ್ಲಿ ಹೆಸರಿನ ಮುಂದೆ ಬರೆದುಕೊಂಡಿರುವ ಷರಾ. ಅದನ್ನು ಮೆಥಡ್‌ನ ಬಾಯಿಂದ ಹೇಳಿಸುವುದಕ್ಕೆ ನಾನು ಹಠ ಹಿಡಿದಿದ್ದೆ. ಆದರೂ ಆ ಚಿಕ್ಕ ಹೆಸರು ಹೋದದ್ದಕ್ಕೆ ಈಗಲೂ ಸ್ವಲ್ಪ ಬೇಸರವಿದೆ.

ಸ್ಕ್ರಿಪ್ಟ್ ಸರಿಪಡಿಸಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಮತ್ತೆ ಆ ಮಾರುದ್ದದ ಹೆಸರಿಗೇ ಶರಣಾದೆ. ಕೈ ಹಾಕಿದ್ದೇನಲ್ಲ ಎಂದು, ಇದುವರೆಗೆ ಪಟ್ಟಿಯಲ್ಲಿ ಸೇರಿರದ ಕ್ಲಾಸ್ ಮಟ್ಟದ ಮೆಥಡ್‌ಗಳನ್ನೂ (ನೇರವಾಗಿ ಕ್ಲಾಸ್‌ನ ಮೇಲೆಯೇ ಕರೆಯುವಂಥವನ್ನು) ಸೇರಿಸಿದೆ. ಹಾಗೆ ಬಂದ ಹೊಸ ಪಟ್ಟಿಯಲ್ಲಿ, ನಾನು ಖಾಸಗಿಯೆಂದೇ ನಂಬಿದ್ದ ಒಂದು ಹೆಸರು ಕಣ್ಣಿಗೆ ಬಿತ್ತು: ಸಂಗ್ರಹಿಸಿಟ್ಟ ಮಾಹಿತಿಯನ್ನೆಲ್ಲ ಒಂದೇ ಏಟಿಗೆ ಅಳಿಸುವ ಮೆಥಡ್.

ಕಡತ ತೆರೆದು ನೋಡಿದೆ. ‘ಪ್ರೈವೇಟ್’ ಎಂಬ ಸಾಲಿನ ಕೆಳಗೇ ಅದು ಇತ್ತು. ಆದರೆ ‘ಡೆಫ್ ಸೆಲ್ಫ್’ ಎಂದು ಬರೆದ ಕ್ಲಾಸ್ ಮಟ್ಟದ ಮೆಥಡ್‌ಗೆ ಆ ಸಾಲು ಅನ್ವಯಿಸುವುದಿಲ್ಲ. ಅದಕ್ಕೆ ‘ಪ್ರೈವೇಟ್_ಕ್ಲಾಸ್_ಮೆಥಡ್’ ಎಂದು ಬೇರೆಯೇ ಹೇಳಬೇಕು. ರೂಬಿ ಎಚ್ಚರಿಕೆಯನ್ನೂ ಕೊಡದೆ ಮುಂದೆ ಹೋಗಿತ್ತು. ಇಷ್ಟು ದಿನವೂ ಅದು ತೆರೆದೇ ಇತ್ತು.

ಕೂಡಲೇ ಬೀಗ ಹಾಕಿ ಕಳಿಸಿದೆ. ಇನ್ನೊಂದು ತಂಡದಿಂದ ಸಂದೇಶ ಬರಲು ಒಂದು ಗಂಟೆ ಹಿಡಿಯಲಿಲ್ಲ: ಅವರ ಟೆಸ್ಟ್‌ಗಳೆಲ್ಲ ಕೆಂಪಾಗಿವೆಯಂತೆ, ಪ್ರತಿ ಟೆಸ್ಟ್‌ಗೆ ಮುಂಚೆ ಅವರು ಅದನ್ನೇ ಕರೆಯುತ್ತಿದ್ದರಂತೆ. “ಅದು ಒಳಗಿನ ಮೆಥಡ್” ಎಂದು ಉತ್ತರ ಬರೆದು, ಕಳಿಸದೆ ಅಳಿಸಿದೆ. ಬೀಗ ತೆಗೆದೆ. ಪಟ್ಟಿಯ ಪುಟದಲ್ಲಿ ಅದಕ್ಕೂ ಒಂದು ಸಾಲು ಕೊಟ್ಟು, ಅದು ಏನು ಮಾಡುತ್ತದೆ ಎಂದು ವಿವರಣೆ ಬರೆಯಲು ಕೂತೆ.