ಪ್ರಾರ್ಥನೆ ಮಾಡಿಕೊಂಡು ಇರೋದು ಬಿಟ್ಟು ಇದೆಲ್ಲ ಯಾಕೆ?

ಬೆಳಗಾವಿಯಲ್ಲಿ ನನ್ನನ್ನು ಬಲ್ಲವರು, ಅದರಲ್ಲೂ ನಮ್ಮ ಸಭೆಯವರು, ಕೇಳುವ ಪ್ರಶ್ನೆ ಇದು: “ಚರ್ಚಿಗೆ ಬಂದು ಪ್ರಾರ್ಥನಾ ಮಾಡ್ಕೊಂಡು ಆರಾಮ ಇರೋದು ಬಿಟ್ಟು ಕಬ್ಬು ಕಡಿಯೋರು, ಇಟ್ಟಂಗಿ ಭಟ್ಟಿಯವರು ಅಂತ ಕಚೇರಿ ಅಲೀತೀರಲ್ಲ, ಹೆದರಿಕಿ ಇಲ್ಲೇನ್ರೀ?” ಹಿಂದೆಯೇ ಇನ್ನೊಂದು: “ಇಲ್ಲಿದ್ದೇ ಮುಗಿವಲ್ದು, ಹೊರದೇಶದ್ದು ಬ್ಯಾರೆ ಯಾಕ?”

ಹೆದರಿಕೆ ಇದೆ. ಠಾಣೆಯ ಮೆಟ್ಟಿಲು ಹತ್ತುವಾಗ ಈಗಲೂ ಗಂಟಲು ಒಣಗುತ್ತದೆ. ಎಲ್ ಸಾಲ್ವಡಾರ್‌ನ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ, ಜನರನ್ನು ಕೊಲ್ಲಬೇಡಿ ಎಂದು ಸೈನಿಕರಿಗೆ ಹೇಳಿದ ಮರುದಿನವೇ, 1980ರ ಮಾರ್ಚ್ 24ರಂದು, ಪೂಜೆ ನಡೆಸುತ್ತಿದ್ದಾಗ ಗುಂಡಿಗೆ ಬಲಿಯಾದರು. ಅಂಥ ಧೈರ್ಯ ನನ್ನಲ್ಲಿಲ್ಲ. ಆದರೆ ಪ್ರಾರ್ಥನೆ ಬೇರೆ, ಈ ಅಲೆದಾಟ ಬೇರೆ ಅನ್ನುವುದನ್ನು ಒಪ್ಪಲಾರೆ. ಬೇಸರವಿಲ್ಲದೆ ಪ್ರಾರ್ಥಿಸಬೇಕು ಅಂತ ಕಲಿಸಲು ಯೇಸು ಹೇಳಿದ ಕಥೆಯನ್ನೇ ನೋಡಿ. ಲೂಕನ ಸುವಾರ್ತೆ, 18ನೇ ಅಧ್ಯಾಯ. ಒಬ್ಬ ವಿಧವೆ. ದೇವರಿಗೂ ಹೆದರದ, ಮನುಷ್ಯರನ್ನೂ ಲೆಕ್ಕಿಸದ ಒಬ್ಬ ನ್ಯಾಯಾಧೀಶ. ನ್ಯಾಯ ಮಾಡಿ ಅಂತ ಅವಳು ಮತ್ತೆ ಮತ್ತೆ ಬರುತ್ತಾಳೆ. ಕಾಟ ತಾಳಲಾರದೆ ಅವನು ಕೊನೆಗೆ ತೀರ್ಪು ಕೊಡುತ್ತಾನೆ. ದೇವಾಲಯದಲ್ಲಿ ಮೊಣಕಾಲೂರಿದ ಹೆಂಗಸನ್ನು ಯೇಸು ತೋರಿಸಬಹುದಿತ್ತು. ತೋರಿಸಿದ್ದು ಕಚೇರಿಗೆ ಅಲೆಯುವವಳನ್ನು. ಅಷ್ಟು ನನ್ನಿಂದಲೂ ಆಗುತ್ತದೆ. ಸಭೆಯಿಂದ ಯಾರಾದರೂ ಒಬ್ಬರು ಜೊತೆಗೆ ಬರುತ್ತಾರೆ. ಸಾಹೇಬರು ಸಿಗದಿದ್ದರೆ ಬೆಂಚಿನ ಮೇಲೆ ಕೂತು ಕಾಯುತ್ತೇವೆ.

ನಮ್ಮ ಕಡೆ ದೀಪಾವಳಿ ಸುಮಾರಿಗೆ ಸಕ್ಕರೆ ಕಾರ್ಖಾನೆ ಶುರುವಾಗುತ್ತವೆ. ಮಹಾರಾಷ್ಟ್ರದ ಬೀಡ್ ಕಡೆಯಿಂದ, ನಮ್ಮದೇ ವಿಜಯಪುರದ ತಾಂಡಾಗಳಿಂದ ಕಬ್ಬಿನ ಗ್ಯಾಂಗುಗಳು ಬಂದಿಳಿಯುತ್ತವೆ. ಅವರು ಮೊದಲೇ ಮುಕಾದಮನ, ಅಂದರೆ ಕೂಲಿಯವರನ್ನು ಕರೆತರುವ ಗುತ್ತಿಗೆದಾರನ, ಕೈಯಿಂದ ಅಡ್ವಾನ್ಸ್ ತಗೊಂಡಿರುತ್ತಾರೆ. ಗಂಡ ಹೆಂಡತಿ ಸೇರಿ ಲೆಕ್ಕಕ್ಕೆ ಒಂದೇ ‘ಕೋಯ್ತಾ’, ಅಂದರೆ ಒಂದೇ ಕುಡುಗೋಲು. ಗಂಡ ಕಡಿದದ್ದನ್ನು ಹೆಂಡತಿ ಕಟ್ಟು ಕಟ್ಟಿ, ತಲೆ ಮೇಲೆ ಹೊತ್ತು, ಒಂದು ಕಿರಿದಾದ ಹಲಗೆ ಮೇಲೆ ಹೆಜ್ಜೆ ಇಟ್ಟು ಟ್ರೇಲರ್ ಹತ್ತುತ್ತಾಳೆ. ಗಾಡಿ ರಾತ್ರಿ ಬಂದರೆ ರಾತ್ರಿಯೇ ತುಂಬಬೇಕು. ಮೈ ಹುಷಾರಿಲ್ಲ ಅಂತ ಕೂತರೆ ದಂಡ. ಹಂಗಾಮು ಮುಗಿದ ಮೇಲೂ ‘ಇನ್ನೂ ಬಾಕಿ ಐತಿ’ ಅಂದರೆ ಮುಂದಿನ ವರ್ಷವೂ ಅದೇ ಮುಕಾದಮ. ಹೊಲ ಕೊಯ್ದವರಿಂದ ಹಿಡಿದಿಟ್ಟ ಕೂಲಿ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಅಂತ ಯಾಕೋಬನ ಪತ್ರಿಕೆಯಲ್ಲಿ ಓದುತ್ತೇವೆ. ಓದಿದವರ ಕಿವಿಗೂ ಮುಟ್ಟಬೇಕಲ್ವಾ?

ಅಥಣಿ ಕಡೆಯ ಒಂದು ಹೊಲದಲ್ಲಿ ಒಬ್ಬಾಕೆ ನನಗೆ ಹೇಳಿದ್ದು: “ಅಕ್ಕಾರ, ನೀವು ಅರ್ಜಿ ಬರಕೊಂಡು ಹೋಗ್ತೀರಿ. ಸಂಜೀಕ ಮುಕಾದಮ ಬಂದಾಗ ಇಲ್ಲಿರೋರು ನಾವ.” ಧೈರ್ಯದ ಮಾತು ಬಂದಾಗಲೆಲ್ಲ ಆಕೆಯ ಮಾತು ಮುಂದೆ ಬರುತ್ತದೆ. ನನ್ನದು ಏನಿದ್ದರೂ ಓಡಾಟದ ದಣಿವು, ಅಪಾಯ ಆಕೆಯದು. ಹಾಗಾಗಿ ಆ ಕುಟುಂಬದವರು ತಾವೇ ನಿರ್ಧಾರ ಮಾಡದೆ ನಾವು ಅರ್ಜಿ ಕೊಡುವುದಿಲ್ಲ. ಆ ರಾತ್ರಿ ಮಕ್ಕಳು ಎಲ್ಲಿ ಮಲಗುತ್ತಾರೆ ಅನ್ನೋದು ಮೊದಲು ಗೊತ್ತಾಗಬೇಕು.

ಕಾನೂನು ಇವರ ಪರವಾಗಿಯೇ ಇದೆ. ಜೀತ ಪದ್ಧತಿ ರದ್ದತಿ ಕಾಯ್ದೆ 1976ರದ್ದು. ಸಾಲ ಕೊಟ್ಟು ದುಡಿತಕ್ಕೆ ಕಟ್ಟಿಹಾಕಿದರೆ ಆ ಸಾಲವೇ ರದ್ದು. ಇದು ಜೀತದ ಸಾಲ ಅಲ್ಲ ಅಂತ ಸಾಬೀತು ಮಾಡಬೇಕಾದವನು ಸಾಲ ಕೊಟ್ಟವನು. ಜೀತದಿಂದ ಬಿಡುಗಡೆಯಾದವರಿಗೆ 30,000 ರೂಪಾಯಿವರೆಗೆ ತುರ್ತು ನೆರವೂ ಉಂಟು. ಇಷ್ಟಿದ್ದೂ 2025ರ ಜನವರಿಯಲ್ಲಿ ವಿಜಯಪುರದ ಒಂದು ಇಟ್ಟಂಗಿ ಭಟ್ಟಿಯಲ್ಲಿ, ಅಡ್ವಾನ್ಸ್ ತಗೊಂಡು ಸಂಕ್ರಾಂತಿಗೆ ಊರಿಗೆ ಹೋಗಿ ತಡವಾಗಿ ಬಂದ ಕಾರ್ಮಿಕರನ್ನು ಪೈಪಿನಿಂದ ಹೊಡೆದರು. ಆ ವಿಡಿಯೊ ನೀವೂ ನೋಡಿರಬಹುದು.

ನಮ್ಮನ್ನು ನೋಡಿ ‘ಇವರು ಮತಾಂತರಕ್ಕೆ ಬಂದವರು’ ಅನ್ನುವ ಮಾತೂ ಬರುತ್ತದೆ. ನೆರವು ಕೊಟ್ಟು ಬದಲಿಗೆ ನಂಬಿಕೆ ಕೇಳಿದರೆ ಅದೂ ಒಂದು ಅಡ್ವಾನ್ಸೇ. ಅದನ್ನು ನಾನು ಮಾಡಲಾರೆ.

ಇನ್ನು ಹೊರದೇಶದ ಮಾತು. ಸಕ್ಕರೆ ಸೀಮೆಯವರಾದ ನಮಗೆ ಇದು ದೂರದ್ದಾಗಬಾರದು. 1791ರಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸುವ ಮಸೂದೆ ಬ್ರಿಟನ್ನಿನ ಸಂಸತ್ತಿನಲ್ಲಿ ಬಿದ್ದುಹೋಯಿತು. ಆಗ ಚರ್ಚಿಗೆ ಹೋಗುವ ಸಾಮಾನ್ಯ ಜನ, ಅದರಲ್ಲೂ ಹೆಂಗಸರು, ಗುಲಾಮರು ಬೆಳೆದ ವೆಸ್ಟ್ ಇಂಡೀಸ್ ಸಕ್ಕರೆಯನ್ನು ಮನೆಗೆ ತರುವುದನ್ನೇ ಬಿಟ್ಟರು. 1817ರಲ್ಲಿ ಕನ್ನಡದ ವ್ಯಾಕರಣ ಹೊರತಂದ ಮಿಷನರಿ ವಿಲಿಯಂ ಕೇರಿಯೂ ಭಾರತಕ್ಕೆ ಬರುವ ಮೊದಲೇ ಆ ಸಕ್ಕರೆ ಬಿಟ್ಟವರು. ವ್ಯಾಪಾರಕ್ಕೆ ತಡೆ ಬಿದ್ದದ್ದು 1807ರಲ್ಲಿ, ಗುಲಾಮಗಿರಿ ರದ್ದತಿಯ ಕಾಯ್ದೆ ಬಂದದ್ದು 1833ರಲ್ಲಿ. ಅಷ್ಟು ವರ್ಷ ಹಿಡಿಯಿತು. ಆಮೇಲೆ ಬ್ರಿಟಿಷರ ಕಬ್ಬಿನ ಗದ್ದೆಗಳಿಗೆ ಕರಾರಿನ ಕೂಲಿಗಳಾಗಿ ಹೋದವರು ಯಾರು? 1834ರಿಂದ ಮಾರಿಷಸ್‌ಗೆ ಹಡಗು ಹತ್ತಿದ ನಮ್ಮ ದೇಶದವರು. ಇವತ್ತು ಕೊಲ್ಲಿ ದೇಶಕ್ಕೆ ಮನೆಗೆಲಸಕ್ಕೆ ಹೋದ ಹೆಣ್ಣುಮಗಳ ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಂಡರೆ, ಅದಕ್ಕೂ ಮುಕಾದಮನ ಲೆಕ್ಕದ ಪುಸ್ತಕಕ್ಕೂ ನನಗೆ ಫರಕು ಕಾಣುವುದಿಲ್ಲ. ನಮ್ಮ ಪ್ರಾರ್ಥನಾ ಕೂಟದಲ್ಲಿ ಎರಡನ್ನೂ ಒಟ್ಟಿಗೇ ಹೇಳುತ್ತೇವೆ.

ಊರಿಗೆ ಹೋಗಲು ಬಿಡದೆ ದುಡಿಸಿಕೊಳ್ಳುತ್ತಿರುವ ಕುಟುಂಬ ನಿಮ್ಮ ಕಣ್ಣಿಗೆ ಬಿದ್ದರೆ, ಅವರನ್ನು ಕೇಳಿಕೊಂಡು ಉಪವಿಭಾಗಾಧಿಕಾರಿ ಕಚೇರಿಗೆ ಅರ್ಜಿ ಕೊಡಿ. ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿದರೆ ವಕೀಲರ ನೆರವು ಪುಕ್ಕಟೆ ಸಿಗುತ್ತದೆ. ಅರ್ಜಿಗೆ ಸ್ವೀಕೃತಿ ತಗೊಳ್ಳದೆ ಬರಬೇಡಿ. ಒಬ್ಬರೇ ಹೋಗಬೇಡಿ.