ಇದು ನಮ್ಮೂರಿಂದಲ್ಲ ಕಣೇ

ಜೂನ್ ಕೊನೆ. ಊರಲ್ಲಿ ಆರಿದ್ರಾ ಮಳೆ ಹಿಡಿದಿತ್ತು. ನಾಟಿ ಶುರುವಾಗೋ ಮೊದಲು ನಾಲ್ಕು ದಿನ ಇದ್ದು ಹೋಗೋಣ ಅಂತ ತೀರ್ಥಹಳ್ಳಿ ಕಡೆಯಿಂದ ದೊಡ್ಡಮ್ಮ ಬೆಂಗಳೂರಿಗೆ ಬಂದಿದ್ದರು. ಬೆಳಿಗ್ಗೆ ಲಾಲ್‌ಬಾಗಿಗೆ ಕರೆದುಕೊಂಡು ಹೋದೆ. ಗಾಜಿನ ಮನೆ ತೋರಿಸಬೇಕು ಅಂತ ನನಗೆ ಆಸೆ. ಅವರ ಕಣ್ಣು ಮಾತ್ರ ನೆಲದ ಮೇಲೇ ಇತ್ತು.

"ಅಲ್ಲಿ ನೋಡೇ, ಅಣಬೆ!"

ಹುಲ್ಲಿನ ಮೇಲೆ ಏಳೆಂಟು ಬಿಳಿ ಕೊಡೆಗಳು. ಒಂದೊಂದೂ ಅಂಗೈಗಿಂತ ಅಗಲ, ನೆತ್ತಿಯ ಮೇಲೆ ಕಂದು ಚಕ್ಕೆ. ನನಗೆ ತಕ್ಷಣ ಊರಲ್ಲಿ ಹುತ್ತದ ಹತ್ತಿರ ಏಳೋ ಹೆಗ್ಗಾಲಣಬೆ ನೆನಪಾಯಿತು, ಬಾಯಲ್ಲಿ ನೀರೂರಿತು.

ಚಿಕ್ಕಂದಿನಲ್ಲಿ ಇದೇ ದೊಡ್ಡಮ್ಮನ ಹಿಂದೆ ಬುಟ್ಟಿ ಹಿಡಿದು ಹಾಡ್ಯಕ್ಕೆ, ಅಂದರೆ ಊರ ಪಕ್ಕದ ಕಾಡಿಗೆ, ಹೋಗುತ್ತಿದ್ದೆ. ಕಾಲಿಗೆಲ್ಲ ರಕ್ತ ಹೀರೋ ಇಂಬಳ. ಯಾವ ಹುತ್ತದ ಹತ್ತಿರ ಯಾವ ಮಳೆಗೆ ಏಳುತ್ತೆ ಅಂತ ಅವರಿಗೆ ಬಾಯಿಪಾಠ. ಕೈಯನ್ನು ಮಣ್ಣಿಗೆ ಇಳಿಸಿ, ಮೆಲ್ಲಗೆ ತಿರುಗಿಸಿ ಎಳೆದರೆ ಗೇಣುದ್ದದ ಕಾಲು ಬರುತ್ತಿತ್ತು. ಕೆಳಗೆ ಹೋಗ್ತಾ ಬೇರಿನ ಹಾಗೆ ಸಣ್ಣಗಾಗಿರುತ್ತಿತ್ತು. "ಬುಡ ಅಗೀಬೇಡ, ಮುಂದಿನ ವರ್ಷನೂ ಬರಬೇಕಲ್ಲ" ಅನ್ನುತ್ತಿದ್ದರು. ಆ ಕಾಲು ಹೋಗಿ ಸೇರುವುದು ಗೆದ್ದಲಿನ ಗೂಡಿಗೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಗೆದ್ದಲು ಎಲೆ, ಕಡ್ಡಿ ಅಗಿದು ಹುತ್ತದೊಳಗೆ ಸ್ಪಂಜಿನಂಥ ಗೂಡು ಕಟ್ಟುತ್ತೆ. ಅದರ ಮೇಲೆ ಈ ಶಿಲೀಂಧ್ರವನ್ನು ಬೆಳೆಸುತ್ತೆ. ಶಿಲೀಂಧ್ರ ಗಟ್ಟಿ ನಾರನ್ನು ಮೆತ್ತಗೆ ಮಾಡಿಕೊಡುತ್ತೆ, ಗೆದ್ದಲು ತಿನ್ನುತ್ತೆ. ಮಳೆ ಬಿದ್ದಾಗ ಅದೇ ಅಣಬೆಯಾಗಿ ಮೇಲೆ ಏಳುತ್ತೆ. ಗೆದ್ದಲಿನ ತೋಟದ ಬೆಳೆಯನ್ನು ನಾವು ಸಾರು ಮಾಡಿ ತಿಂದೆವು, ಅಷ್ಟೇ.

ಲಾಲ್‌ಬಾಗಿನಲ್ಲಿ ಏನನ್ನೂ ಕೀಳುವ ಹಾಗಿಲ್ಲ. ಯಾರದೋ ಕಾಲು ತಾಗಿ ಒಂದು ಅಣಬೆ ಉರುಳಿ ಬಿದ್ದಿತ್ತು. ದೊಡ್ಡಮ್ಮ ಕುಕ್ಕರಗಾಲಲ್ಲಿ ಕೂತು, ಕಡ್ಡಿಯಿಂದ ಅದನ್ನು ಮಗುಚಿದರು. ಕೊಡೆಯ ಕೆಳಗಿನ ಪದರಗಳು ಬೆಳ್ಳಗಿರಲಿಲ್ಲ. ಮಾಸಲು ಹಸಿರು, ಹಳೇ ತಾಮ್ರದ ಕಿಲುಬಿನ ಹಾಗೆ. ಕಾಲೂ ಗಿಡ್ಡ, ಬುಡ ಉಂಡೆಯಾಗಿತ್ತು.

"ಹೆಗ್ಗಾಲಾದ್ರೆ ಕಾಲು ನೆಲದೊಳಗೆ ಇರ್ತದೆ. ಇದಕ್ಕೆಲ್ಲಿದೆ? ಇದು ನಮ್ಮೂರಿಂದಲ್ಲ ಕಣೇ, ಬ್ಯಾಡ."

ಐವತ್ತು ವರ್ಷ ಅಣಬೆ ಆರಿಸಿದ ಕೈ ಅದು. ಊರು ಬದಲಾದ ಕೂಡಲೇ ಹಿಂದೆ ಸರಿಯಿತು. ಆಮೇಲೆ ಹುಡುಕಿದಾಗ ಅದು ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್ ಅನ್ನೋ ಜಾತಿಯ ಹಾಗೆ ಕಂಡಿತು. ಹುಲ್ಲುಹಾಸಿನಲ್ಲಿ ಏಳುವ ಈ ಅಣಬೆ ತಿಂದರೆ ವಾಂತಿ, ಭೇದಿ ಜೋರಾಗಿ ಆಗುತ್ತೆ. ಎಳೆಯದರಲ್ಲಿ ಪದರಗಳು ಬಿಳಿಯಾಗೇ ಇರುತ್ತವೆ, ಹಾಗಾಗಿ ಮೋಸ ಹೋಗೋದು ಜಾಸ್ತಿ. ಬೆಳ್ಳಿ ಕಾಸು ಹಾಕಿ ಕುದಿಸಿದರೆ ವಿಷ ಗೊತ್ತಾಗುತ್ತೆ ಅಂತಾರಲ್ಲ, ಅದನ್ನು ದಯವಿಟ್ಟು ನಂಬಬೇಡಿ.

ಅಲ್ಲಿಂದ ಮುಂದೆ ನಾವಿಬ್ಬರೂ ಮರದ ಕಾಂಡಗಳನ್ನೇ ನೋಡುತ್ತಾ ನಡೆದೆವು. "ಇದು ನಮ್ಮ ಅಡಿಕೆ ಮರಕ್ಕೆ ಬರೋ ಬಿಳಿ ಮಚ್ಚೆ ಥರನೇ ಇದೆ" ಅಂದರು. ಒಂದು ಹಳೇ ಮರದಲ್ಲಿ ಅಂಚು ಸುರುಳಿಯಾದ ಬೂದು ಎಲೆಗಳಂಥದ್ದು ಹಬ್ಬಿತ್ತು. ಮಳೆಗೆ ನೆಂದ ಕಡೆ ಹಸಿರು ಹೊಳೀತಿತ್ತು. ಅದು ಲೈಕೆನ್, ಅಂದರೆ ಶಿಲೀಂಧ್ರ ಮತ್ತು ಪಾಚಿ ಒಟ್ಟಿಗೆ ಮಾಡುವ ಸಂಸಾರ. ನೆಂದಾಗ ಮೇಲಿನ ಪದರ ತಿಳಿಯಾಗಿ ಒಳಗಿನ ಪಾಚಿ ಕಾಣುತ್ತೆ. "ಹೊಗೆ ಜಾಸ್ತಿ ಇದ್ದರೆ ಇಂಥವು ಎಷ್ಟೋ ಬದುಕೋದಿಲ್ಲ ದೊಡ್ಡಮ್ಮ" ಅಂದೆ. ಗೇಟಿನ ಹೊರಗೆ ಬಂದ ಮೇಲೆ ಅವರು ರಸ್ತೆ ಬದಿಯ ಮರಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ತೊಗಟೆ ಬೋಳಾಗಿತ್ತು. ಬೆರಳಿಗೆ ಮಸಿ ಹತ್ತಿತು.

ಸಂಜೆ ಬಿಸಿಬೇಳೆ ಬಾತಿಗೆ ಮಸಾಲೆ ಹುರಿಯುವಾಗ ನಾನು ಡಬ್ಬಿಯಿಂದ ಒಂದು ಚೂರು ಕಲ್ಲುಹೂವು ತೆಗೆದು ಅವರ ಅಂಗೈ ಮೇಲಿಟ್ಟೆ. ಮೇಲೆ ಬೂದು, ಕೆಳಗೆ ಇದ್ದಿಲಿನಷ್ಟು ಕಪ್ಪು, ಅಂಚು ಅದೇ ಸುರುಳಿ. ದೊಡ್ಡಮ್ಮ ತಿರುಗಿಸಿ ತಿರುಗಿಸಿ ನೋಡಿದರು.

"ಹಂಗಾದ್ರೆ ಇಷ್ಟು ವರ್ಷ ಇದನ್ನೇ ತಿಂದಿದ್ದಾ!" ಅಂದು, ಮೂಸಿ, ಬಾಣಲೆಗೆ ಹಾಕಿದರು.